ನುಂಗಿದ್ದಲ್ಲ, ಒಳಗೆ ಹುಟ್ಟಿದ್ದು ವಿಷ

ಹಲ್ಲುನೋವು ತಾಳಲಾರದೆ ಒಬ್ಬರು ಎರಡು ದಿನದಿಂದ ಮಾತ್ರೆ ನುಂಗುತ್ತಿದ್ದಾರೆ. ನೋವಿಗೊಂದು, ಜ್ವರಕ್ಕೊಂದು, ನೆಗಡಿಗೊಂದು. ಮೂರರ ಹೆಸರೂ ಬೇರೆ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಮೂರರಲ್ಲೂ ಇರುವುದು ಒಂದೇ, ಪ್ಯಾರಸಿಟಮಾಲ್. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಇವರು ಅದನ್ನು ಯಾವಾಗಲೋ ದಾಟಿದ್ದಾರೆ. ಆದರೂ ಆರಾಮಾಗಿದ್ದಾರೆ. ಸ್ವಲ್ಪ ವಾಕರಿಕೆ, ಅಷ್ಟೇ.

ಅಪಾಯ ಇರುವುದೇ ಈ ಆರಾಮಿನಲ್ಲಿ.

'ಪ್ರಮಾಣವೇ ವಿಷ' ಎಂಬರ್ಥದ ಮಾತನ್ನು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ್ದ. ವಿಷಶಾಸ್ತ್ರದ ಪಾಠ ಇವತ್ತಿಗೂ ಅಲ್ಲಿಂದಲೇ ಶುರು. ನನಗೆ ಮಾತ್ರ ಅದು ಅರ್ಧ ಮಾತು ಅನ್ನಿಸುತ್ತದೆ. ಎಷ್ಟು ಒಳಗೆ ಹೋಯಿತು ಅನ್ನುವಷ್ಟೇ ಮುಖ್ಯ, ಹೋದದ್ದನ್ನು ದೇಹ ಏನು ಮಾಡಿತು ಅನ್ನುವುದು.

ಪ್ಯಾರಸಿಟಮಾಲ್‌ನ ಹೆಚ್ಚಿನ ಪಾಲನ್ನು ಲಿವರ್ ನಿರಪಾಯ ಮಾಡಿ ಮೂತ್ರಕ್ಕೆ ದಾಟಿಸುತ್ತದೆ. ಒಂದು ಚೂರು ಮಾತ್ರ ಬೇರೆ ದಾರಿ ಹಿಡಿದು ಎನ್‌ಎಪಿಕ್ಯುಐ ಎಂಬ ವಸ್ತುವಾಗುತ್ತದೆ. ಹೆಸರು ಮರೆತರೂ ನಡೆಯುತ್ತೆ. ಮಹಾ ಪುಂಡ ಅಂತ ನೆನಪಿದ್ದರೆ ಸಾಕು. ಲಿವರ್‌ನಲ್ಲೇ ಇರುವ ಗ್ಲುಟಾಥಯೋನ್ ಇವನನ್ನು ಹುಟ್ಟಿದ ಕೂಡಲೇ ಹಿಡಿದು ಕಟ್ಟಿಹಾಕುತ್ತದೆ. ಮಾತ್ರೆ ಜಾಸ್ತಿಯಾದಾಗ ಮೊದಲ ದಾರಿ ತುಂಬಿ, ಎರಡನೆಯದರಲ್ಲಿ ನೂಕುನುಗ್ಗಲಾಗುತ್ತದೆ. ಗ್ಲುಟಾಥಯೋನ್ ದಾಸ್ತಾನು ಬರಿದಾಗುತ್ತದೆ. ಆಮೇಲೆ ಪುಂಡನಿಗೆ ಲಿವರ್ ಜೀವಕೋಶಗಳೇ ಗುರಿ. ಹಾನಿ ತುತ್ತತುದಿಗೆ ಹೋಗುವುದು ಮೂರನೇ ದಿನವೋ ನಾಲ್ಕನೇ ದಿನವೋ.

ಇದಕ್ಕೆ ಕೊಡುವ ಮದ್ದು ಎನ್-ಅಸಿಟೈಲ್‌ಸಿಸ್ಟೀನ್. ಅದು ನುಂಗಿದ ಮಾತ್ರೆಯ ತಂಟೆಗೇ ಹೋಗುವುದಿಲ್ಲ. ಬರಿದಾದ ಗ್ಲುಟಾಥಯೋನನ್ನು ಮತ್ತೆ ತುಂಬಿಸುತ್ತದೆ. ಗಂಧಕ ಇರುವುದರಿಂದ ಕೊಳೆತ ಮೊಟ್ಟೆಯ ವಾಸನೆ. 8 ಗಂಟೆಯೊಳಗೆ ಶುರುವಾದರೆ ಲಿವರ್ ಬಹುಪಾಲು ಉಳಿಯುತ್ತದೆ. ಹಾಗಾಗಿ ಡಾಕ್ಟರು ಮೊದಲು ಕೇಳುವುದು, ಏನು ನುಂಗಿದಿರಿ, ಎಷ್ಟು ಹೊತ್ತಿಗೆ ಅಂತ. ಒಂದೇ ಸಲ ನುಂಗಿದ್ದರೆ 4 ಗಂಟೆ ಕಳೆದ ಮೇಲೆ ರಕ್ತ ತೆಗೆದು, ಅದರಲ್ಲಿರುವ ಪ್ಯಾರಸಿಟಮಾಲ್ ಮಟ್ಟವನ್ನು 1975ರಲ್ಲಿ ಬಂದ ಒಂದು ಗ್ರಾಫಿನ ಜೊತೆ ಹೋಲಿಸುತ್ತಾರೆ. ಹಲ್ಲುನೋವಿನವರ ಹಾಗೆ ದಿನಗಟ್ಟಲೆ ನುಂಗಿದ್ದರೆ ಆ ಗ್ರಾಫ್ ಉಪಯೋಗಕ್ಕೆ ಬರುವುದಿಲ್ಲ. ಖಾಲಿ ಸ್ಟ್ರಿಪ್ ಜೊತೆಗೆ ಒಯ್ದರೆ ಅರ್ಧ ಕೆಲಸ ಹಗುರ.

ಯಾವುದೇ ವಿಷ ನುಂಗಿದಾಗಲೂ ಮನೆಯವರಿಗೆ ತಕ್ಷಣ ಹೊಳೆಯುವುದು ವಾಂತಿ ಮಾಡಿಸುವುದು. ಬೇಡ. ಆ್ಯಸಿಡ್ ಆಗಿದ್ದರೆ ಇಳಿಯುವಾಗ ಸುಟ್ಟದ್ದು ಹತ್ತುವಾಗಲೂ ಸುಡುತ್ತದೆ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಪ್ಪುನೀರು ಕುಡಿಸಿದರೆ ಆ ಉಪ್ಪೇ ಇನ್ನೊಂದು ವಿಷ.

ಮೆಥನಾಲ್‌ನದ್ದು ಇನ್ನೂ ವಿಚಿತ್ರ. ಕಲಬೆರಕೆ ಮದ್ಯದಲ್ಲಿ ಸೇರಿಕೊಳ್ಳುವ ಈ ಆಲ್ಕೊಹಾಲ್ ತನ್ನಷ್ಟಕ್ಕೆ ತಾನು ಸ್ವಲ್ಪ ಅಮಲು ತರಿಸುತ್ತದೆ, ಹೆಚ್ಚೇನಿಲ್ಲ. ಲಿವರ್‌ನ ಒಂದು ಕಿಣ್ವ ಕೈಹಾಕಿದ ಮೇಲೆ ಅದು ಫಾರ್ಮಾಲ್ಡಿಹೈಡ್ ಆಗಿ, ಮುಂದೆ ಫಾರ್ಮಿಕ್ ಆಮ್ಲವಾಗುತ್ತದೆ. (ಹಿಂದೆ ಇರುವೆಗಳನ್ನು ಭಟ್ಟಿ ಇಳಿಸಿ ತೆಗೆದದ್ದು ಇದೇ ಆಮ್ಲವನ್ನು. ಪಾಪದ ಇರುವೆಗಳು!) ಇದು ಜೀವಕೋಶಗಳಿಗೆ ಆಮ್ಲಜನಕ ಬಳಸಲು ಬಿಡುವುದಿಲ್ಲ, ಕಣ್ಣಿನ ನರವನ್ನಂತೂ ಬೇಗ ಹಿಡಿಯುತ್ತದೆ. ಕುಡಿದು 12ರಿಂದ 24 ಗಂಟೆಯಾದ ಮೇಲೆ ಕಣ್ಣ ಮುಂದೆ ಮಂಜು ಕವಿದಂತಾಗುವುದು ಇದರಿಂದಲೇ.

ಚಿಕಿತ್ಸೆ ಏನು ಗೊತ್ತಾ? ಎಥನಾಲ್. ಅಂದರೆ ಮಾಮೂಲಿ ಮದ್ಯದಲ್ಲಿರುವ ಆಲ್ಕೊಹಾಲ್. ಆ ಕಿಣ್ವಕ್ಕೆ ಮೆಥನಾಲ್‌ಗಿಂತ ಇದೇ ಹೆಚ್ಚು ಇಷ್ಟ. ಎರಡೂ ಎದುರಿಗಿದ್ದರೆ ಮೊದಲು ಎಥನಾಲ್‌ಗೇ ಕೈಹಾಕುತ್ತದೆ, ಮೆಥನಾಲ್ ಸುಮ್ನೆ ಕಾಯುತ್ತಾ ಕೂರುತ್ತದೆ. ಫೊಮೆಪಿಜೋಲ್ ಎಂಬ ಔಷಧಿ ಅಮಲೇರಿಸದೆ ಕಿಣ್ವವನ್ನು ತಡೆಯುತ್ತದೆ, ಆದರೆ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಮನೆಯಲ್ಲಿ ಬಾಟಲಿ ತೆರೆದು ಮಾಡುವ ಚಿಕಿತ್ಸೆಯಂತೂ ಇದಲ್ಲ.

ಹೀಗೆ ಕಾಯುತ್ತಾ ಕೂತ ಮೆಥನಾಲ್ ಉಸಿರಲ್ಲಿ, ಮೂತ್ರದಲ್ಲಿ ಚೂರುಚೂರೇ ಹೊರಬೀಳುತ್ತದೆ. ಅರ್ಧ ಹೋಗುವುದಕ್ಕೇ ಸುಮಾರು ಎರಡು ದಿನ ಬೇಕು. ಹಾಗಾಗಿ ವಿಷ ಜೋರಾಗಿದ್ದರೆ ಡಯಾಲಿಸಿಸ್‌ಗೆ ಹಾಕುತ್ತಾರೆ. ತಮಾಷೆಯೆಂದರೆ ಡಯಾಲಿಸಿಸ್ ಯಂತ್ರಕ್ಕೆ ಎರಡು ಆಲ್ಕೊಹಾಲುಗಳ ನಡುವೆ ಭೇದವಿಲ್ಲ, ಎಥನಾಲನ್ನೂ ಸೋಸಿಬಿಡುತ್ತದೆ. ಅದಕ್ಕೇ ಅದು ಓಡುವಷ್ಟು ಹೊತ್ತು ರೋಗಿಯ ಎಥನಾಲ್ ಡ್ರಿಪ್ಪನ್ನು ಇನ್ನಷ್ಟು ಏರಿಸಬೇಕಾಗುತ್ತದೆ.