ನೆಲ ಎಷ್ಟು ಜನರನ್ನು ಸಾಕಬಲ್ಲದು?

ಈಜಿಪ್ಟಿನ ಜನಸಂಖ್ಯೆ 10 ಕೋಟಿ ದಾಟಿದೆ. ದೇಶದ ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿಲೋಮೀಟರ್. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ ನೂರಕ್ಕಿಂತ ಸ್ವಲ್ಪ ಜಾಸ್ತಿ ಜನ. ಕೈಕಾಲು ಚಾಚಿಕೊಂಡು ಆರಾಮಾಗಿ ಇದ್ದಾರೆ ಅನಿಸುತ್ತದೆ, ಅಲ್ವಾ? ಆದರೆ ನೂರಕ್ಕೆ ಸುಮಾರು 95 ಮಂದಿ ಇರುವುದು ನೈಲ್ ನದಿಯ ದಂಡೆಯಲ್ಲಿ, ಅದರ ಮುಖಜ ಭೂಮಿಯಲ್ಲಿ. ಅದು ದೇಶದ ಇಪ್ಪತ್ತರಲ್ಲಿ ಒಂದು ಪಾಲು ಜಾಗ, ಅಷ್ಟೇ. ಮಿಕ್ಕಿದ್ದು ಬಹುಪಾಲು ಮರುಭೂಮಿ. ಅದಕ್ಕೇ ಭೂಗೋಳ ತಜ್ಞರು ಸರಾಸರಿ ಜನಸಾಂದ್ರತೆಯೊಂದನ್ನೇ ನಂಬಿ ಕೂರುವುದಿಲ್ಲ. ಜನರನ್ನು ಉಳುವ ಭೂಮಿಗೆ ಹಂಚಿ ಇನ್ನೊಂದು ಲೆಕ್ಕವನ್ನೂ ಹಾಕುತ್ತಾರೆ.

ಆ ಲೆಕ್ಕವೂ ಪೂರ್ತಿ ಸಾಲದು. ಜನಸಂಖ್ಯೆ ಗುಣಿಸುತ್ತಾ ಬೆಳೆಯುತ್ತದೆ, ಆಹಾರ ಕೂಡಿಸುತ್ತಾ ಬೆಳೆಯುತ್ತದೆ, ಹಾಗಾಗಿ ಹಸಿವು ಬೆನ್ನು ಬಿಡುವುದಿಲ್ಲ ಎಂದು 1798ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಥಾಮಸ್ ಮಾಲ್ಥಸ್ ವಾದಿಸಿದರು. ಆಗ ಜಗತ್ತಿನಲ್ಲಿದ್ದವರು ಸುಮಾರು 100 ಕೋಟಿ. 2022ರಲ್ಲಿ 800 ಕೋಟಿ ಆದೆವು. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1965ರಲ್ಲಿ ಮಾಲ್ಥಸ್ ಮಾತನ್ನು ತಿರುಗಿಸಿ ಹಾಕಿದರು: ಜನ ಹೆಚ್ಚಾದಾಗಲೇ ರೈತರು ಅದೇ ನೆಲದಲ್ಲಿ ಜಾಸ್ತಿ ಬೆಳೆಯುವ ದಾರಿ ಹುಡುಕುತ್ತಾರೆ. ನನಗೆ ಇಬ್ಬರೂ ಅರ್ಧರ್ಧ ಸರಿ ಅನಿಸುತ್ತಾರೆ. ನೆಲದ ಶಕ್ತಿ ಇಷ್ಟೇ ಎಂದು ಬರೆದಿಡಲು ಆಗುವುದಿಲ್ಲ. ಯಾಕೆಂದರೆ ಸಂಪನ್ಮೂಲ ಅನ್ನುವುದೇ ಕಾಲಕ್ಕೆ ತಕ್ಕ ಹಾಗೆ ಹುಟ್ಟುತ್ತದೆ, ಸಾಯುತ್ತದೆ.

ದಕ್ಷಿಣ ಅಮೆರಿಕದ ಅಟಕಾಮ ಮರುಭೂಮಿಯನ್ನೇ ನೋಡಿ. ಮಳೆ ಅಪರೂಪ, ಬೆಳೆ ಇಲ್ಲ. ಅಲ್ಲಿನ ನೈಟ್ರೇಟ್ ಉಪ್ಪು ಸಾವಿರಾರು ವರ್ಷ ಸುಮ್ನೆ ಬಿದ್ದಿತ್ತು. ಅದು ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕು ಎಂದಾದಾಗ ಬೆಲೆ ಬಂತು. 1879ರಲ್ಲಿ ಚಿಲಿ, ಪೆರು, ಬೊಲಿವಿಯಾ ಅದಕ್ಕಾಗಿ ಯುದ್ಧಕ್ಕೇ ಇಳಿದವು. ಬೊಲಿವಿಯಾ ತನ್ನ ಕಡಲತೀರವನ್ನೇ ಕಳೆದುಕೊಂಡಿತು, ಇವತ್ತಿಗೂ ಅದಕ್ಕೆ ಸಮುದ್ರವಿಲ್ಲ. 1913ರಲ್ಲಿ ಜರ್ಮನಿಯ ಓಪಾವ್ ಕಾರ್ಖಾನೆ ಗಾಳಿಯಲ್ಲಿರುವ ಸಾರಜನಕದಿಂದಲೇ, ಗೊಬ್ಬರ ಮಾಡಲು ಬೇಕಾದ ಅಮೋನಿಯಾ ತಯಾರಿಸಲು ಶುರು ಮಾಡಿತು. ಮುಂದಿನ ದಶಕಗಳಲ್ಲಿ ಉಪ್ಪಿನ ಬೆಲೆ ಬಿತ್ತು, ಗಣಿ ಊರುಗಳು ಖಾಲಿಯಾದವು. ಉಪ್ಪು ಮುಗಿದಿರಲಿಲ್ಲ, ಬೇಕೆನ್ನುವವರು ಕಡಿಮೆಯಾಗಿದ್ದರು. ಇಂದು ಜಗತ್ತಿನ ಹತ್ತಿರಹತ್ತಿರ ಅರ್ಧದಷ್ಟು ಜನರ ಊಟ ಹೀಗೆ ಕಾರ್ಖಾನೆಗಳಲ್ಲಿ ತಯಾರಾಗುವ ಗೊಬ್ಬರವನ್ನು ನೆಚ್ಚಿಕೊಂಡಿದೆ. ಮಾಲ್ಥಸ್ ಲೆಕ್ಕಕ್ಕೆ ಸಿಗದೆ ಹೋದದ್ದು ಇದೇ.

ಯಾವುದು ಸಂಪನ್ಮೂಲ ಅನ್ನುವುದರಲ್ಲಿ ತಿಳಿವಳಿಕೆಯ ಜೊತೆ ಸಂಸ್ಕೃತಿಯೂ ಸೇರುತ್ತದೆ. ಕಝಾಕ್‌ಸ್ತಾನದಲ್ಲಿ ಕುದುರೆ ಮಾಂಸ ಹಬ್ಬದ ಊಟ. ಬ್ರಿಟನ್ನಿನಲ್ಲಿ ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ಪ್ರಾಣಿ ಅದೇ, ಅದನ್ನು ಆಹಾರದ ಪಟ್ಟಿಗೆ ಸೇರಿಸುವುದೋ ಬಿಡುವುದೋ ಜನರ ರೂಢಿ.

ಅಟಕಾಮಕ್ಕೆ ಈಗ ಮತ್ತೆ ಬೇಡಿಕೆ ಬಂದಿದೆ. ಈ ಸಲ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ. ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ದೊಡ್ಡ ಹೊಂಡಗಳಲ್ಲಿ ಬಿಸಿಲಿಗೆ ಆವಿ ಮಾಡುತ್ತಾರೆ. ನಮ್ಮ ನೀರು ಬತ್ತುತ್ತದೆ ಎಂದು ಅಲ್ಲಿನ ಮೂಲನಿವಾಸಿಗಳು ತಕರಾರು ಎತ್ತಿದ್ದಾರೆ. ಕಂಪನಿಗೆ ಬೇಕಾದದ್ದು ನೀರಿನಲ್ಲಿರುವ ಲಿಥಿಯಂ, ಅವರಿಗೆ ಬೇಕಾದದ್ದು ನೀರೇ.