ನೀಲಗಿರಿ ಬಂತು, ನೀರು ಹೋಯ್ತು: ನಂಟು ಎಷ್ಟು ನಿಜ?

ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬಾವಿ ಯಾಕೆ ಬತ್ತಿತು ಅಂತ ಹಿರಿಯರನ್ನು ಕೇಳಿದರೆ ಎಷ್ಟೋ ಜನ ನೀಲಗಿರಿ ತೋಪಿನ ಕಡೆ ಕೈ ತೋರಿಸುತ್ತಾರೆ. ಅವರು ಕಣ್ಣಾರೆ ಕಂಡದ್ದು ಅದು. ಆದರೆ 'ಇದರ ಜೊತೆ ಅದು ಆಯಿತು' ಅನ್ನುವುದು ಬೇರೆ, 'ಇದರಿಂದ ಅದು ಆಯಿತು' ಅನ್ನುವುದು ಬೇರೆ.

1980ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಸಾಮಾಜಿಕ ಅರಣ್ಯ ಯೋಜನೆ ಬಂತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ಎದ್ದಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಹಾಕಿದರು. ಜಗಳ ಅಷ್ಟು ಜೋರಾಗಿತ್ತು.

ಅದೇ ವರ್ಷಗಳಲ್ಲಿ ಇನ್ನೊಂದು ಕೂಡ ಹೆಚ್ಚಿತು, ಬೋರ್‌ವೆಲ್. ತರಕಾರಿಗೆ, ಹಿಪ್ಪುನೇರಳೆಗೆ ಪಂಪು ಓಡತೊಡಗಿತು. ಹಳ್ಳಿಗಳಿಗೆ ಟಿವಿಗಳೂ ಆಗಲೇ ಬಂದವು. ಗ್ರಾಫ್ ಬರೆದರೆ ಟಿವಿಗೂ ನೀರಿಗೂ ನಂಟು ಕಂಡೀತು. ಆದರೆ ಟಿವಿ ನೀರು ಕುಡಿಯಲ್ಲ, ಅಲ್ವಾ?

ಅಂಕಿಅಂಶ ತಜ್ಞ ಉಡ್ನಿ ಯೂಲ್ 1926ರಲ್ಲೇ ಇದನ್ನು ತೋರಿಸಿದ್ದರು. ಇಂಗ್ಲೆಂಡಿನಲ್ಲಿ 1866ರಿಂದ 1911ರವರೆಗೆ ಚರ್ಚಿನಲ್ಲಿ ನಡೆದ ಮದುವೆಗಳ ಪಾಲು ಇಳಿಯುತ್ತಾ ಹೋಯಿತು, ಸಾವಿನ ಪ್ರಮಾಣವೂ ಇಳಿಯುತ್ತಾ ಹೋಯಿತು. ಎರಡರ ಹೊಂದಾಣಿಕೆ 0.95 (ಪೂರ್ತಿ ಜೊತೆಜೊತೆಗೆ ಸಾಗಿದರೆ 1). ಒಂದಕ್ಕೊಂದು ಕಾರಣವಲ್ಲ. ವರ್ಷ ಕಳೆದಂತೆ ಒಂದೇ ದಿಕ್ಕಿಗೆ ಸಾಗುವ ಯಾವ ಎರಡು ಸಂಗತಿ ತೆಗೆದುಕೊಂಡರೂ ಹೀಗೆ ಕಾಣಬಹುದು.

ಕೋಲಾರದಲ್ಲಿ ಇನ್ನೊಂದು ತೊಡಕಿದೆ. ನೀರಿಲ್ಲದ ರೈತ, ಕೂಲಿಯಾಳು ಸಿಗದ ರೈತ ಹೆಚ್ಚು ನೋಡಿಕೊಳ್ಳಬೇಕಿಲ್ಲ ಅಂತಲೇ ನೀಲಗಿರಿ ಹಾಕಿದ. ಅಂಥ ಹೊಲದಲ್ಲಿ ಬಾವಿ ಬತ್ತಿದ್ದು ಮೊದಲು, ಮರ ಬಂದದ್ದು ಆಮೇಲೆ!

ಹಾಗಂತ ನೀಲಗಿರಿ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಹೊಸಕೋಟೆಯಲ್ಲಿ ವಿಜ್ಞಾನಿಗಳು ಮರ ಎಷ್ಟು ನೀರು ಹೀರುತ್ತದೆ ಅಂತ ಅಳೆದರು. ಆಳವಾದ ಮಣ್ಣಿದ್ದ ಕಡೆ ಬಿದ್ದ ಮಳೆಗಿಂತ ಜಾಸ್ತಿ ನೀರನ್ನು ಅದು ಬಳಸಿತ್ತು. ಬೇರು ಕೆಳಗಿಳಿದು ಮಣ್ಣಿನಲ್ಲಿ ಉಳಿದಿದ್ದ ತೇವವನ್ನೂ ಎಳೆದಿತ್ತು. ಮಣ್ಣು ಆಳವಿಲ್ಲದ ಬೇರೆ ಜಾಗಗಳಲ್ಲಿ ಸುತ್ತಲಿನ ಕುರುಚಲು ಕಾಡಿಗಿಂತ ಹೆಚ್ಚೇನೂ ಕುಡಿದಿರಲಿಲ್ಲ. ರೈತರ ಅನುಮಾನಕ್ಕೆ ಬಲ ಕೊಟ್ಟದ್ದು ಈ ಅಳತೆ. ಬೋರ್‌ವೆಲ್ ಎಳೆದ ನೀರಿನ ಲೆಕ್ಕ ಮಾತ್ರ ಬೇರೆಯೇ ಉಳಿಯಿತು.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯಿತು. 2021ರಲ್ಲಿ ಭಾರಿ ಮಳೆ ಸುರಿಯಿತು. ಈಗ ಯಾವುದೋ ಬೋರಿನಲ್ಲಿ ನೀರು ಮೇಲೆ ಬಂದರೆ ಕಾರಣ ಯಾವುದು? ಹೇಳಬೇಕಾದರೆ ಆ ನೀರು ಹೋಗದ ಕೆರೆಯ ಪಕ್ಕದ ಬೋರನ್ನೂ, ನೀಲಗಿರಿ ತೋಪು ಇನ್ನೂ ಇರುವ ಹೊಲದ ಬೋರನ್ನೂ ಅದೇ ವರ್ಷ ಅಳೆದು ನೋಡಬೇಕು.