ಎಂಜಿ ಜಾಸ್ತಿ ಆದರೆ ಪವರ್ ಜಾಸ್ತಿಯಾ?

“ಹೋದ ತಿಂಗಳು 5 ಕೊಟ್ಟಿದ್ರಿ. ಈಗ ಒಂದೇ ಸಲ 40ಕ್ಕೆ ಏರಿಸಿಬಿಟ್ಟಿದ್ದೀರಲ್ಲ ಡಾಕ್ಟ್ರೇ, ಬಿಪಿ ಅಷ್ಟೊಂದು ಜಾಸ್ತಿ ಆಗಿದೆಯಾ?”

ಚಿಂತಾಮಣಿಯಲ್ಲಿ ಕ್ಲಿನಿಕ್ ನಡೆಸುವ ನನಗೆ ಈ ಪ್ರಶ್ನೆ ಬರದ ವಾರವೇ ಇಲ್ಲ. ಬಿಪಿ ಏನೂ ಏರಿರುವುದಿಲ್ಲ. ಆಮ್ಲೋಡಿಪಿನ್ 5 ಎಂಜಿ ತಗೊಂಡು ಕಾಲು ಊದಿಕೊಂಡಿತು ಅಂತ ಟೆಲ್ಮಿಸಾರ್ಟನ್ 40 ಎಂಜಿ ಬರೆದಿರುತ್ತೇನೆ, ಅಷ್ಟೇ. ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಇಳಿಸುತ್ತವೆ. ಆದರೆ ಮನೆಯಲ್ಲಿ ಮಗನೋ ಸೊಸೆಯೋ ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಓದಿರುತ್ತಾರೆ. 5 ಎಲ್ಲಿ, 40 ಎಲ್ಲಿ! ಎಂಟು ಪಟ್ಟು ಪವರ್! ಮಾರನೇ ದಿನದಿಂದ ಹೊಸ ಮಾತ್ರೆ ಅರ್ಧಕ್ಕೆ ಮುರಿಯುತ್ತದೆ, ಇಲ್ಲವೇ ಗೂಡಿನಲ್ಲೇ ಕೂರುತ್ತದೆ.

ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತಗೊಳ್ಳಿ, ಬಿಪಿ ನಾರ್ಮಲ್ ಬಂತು ಅಂತ ನಿಲ್ಲಿಸಬೇಡಿ ಎಂಬುದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಾಡುವುದಿಲ್ಲ, ಅದು ಬೇರೆ ಮಾತು. ಈ ಎಂಜಿ ಲೆಕ್ಕ ಮಾತ್ರ ಹಾಗಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಮಂಡಿ ಲೆಕ್ಕದಲ್ಲಿ ಒಂದು ಪೈಸೆ ಬಿಡದವರು ಕೂಡ ಇಲ್ಲಿ ಎಡವುತ್ತಾರೆ.

ಎಂಜಿ ಅಂದರೆ ತೂಕ. ಮಾತ್ರೆಯೊಳಗೆ ಆ ಔಷಧಿ ಎಷ್ಟು ತೂಕ ಇದೆ ಅಂತ ಹೇಳುತ್ತದೆ, ಮುಗಿಯಿತು. ಒಂದೇ ಔಷಧಿಯಲ್ಲಿ 20ಕ್ಕಿಂತ 40 ಜಾಸ್ತಿ, ಸರಿ. ಆದರೆ ಒಂದು ಔಷಧಿಯ 5ನ್ನು ಬೇರೊಂದು ಔಷಧಿಯ 40ರ ಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಏನೂ ಅಂದರೆ ಏನೂ.

ನಮ್ಮ ರೈತರಿಗೆ ಹೊಲದಲ್ಲಿ ಇದು ಚೆನ್ನಾಗಿ ಗೊತ್ತು. ಟೊಮೆಟೊಗೆ ಮ್ಯಾಂಕೊಜೆಬ್ ಹೊಡೆಯುವಾಗ ಲೀಟರ್ ನೀರಿಗೆ 2 ಗ್ರಾಂ ಹಾಕುತ್ತಾರೆ. ಇಮಿಡಾಕ್ಲೋಪ್ರಿಡ್ ಆದರೆ ಲೀಟರಿಗೆ 0.3 ಎಂಎಲ್. ಅದು ಕಡಿಮೆ ಆಯ್ತು, ಎರಡೂ ಸಮ ಇರಲಿ ಅಂತ ಯಾರಾದರೂ 2 ಎಂಎಲ್ ಸುರಿದರೆ ಪಕ್ಕದ ತೋಟದವರೇ ಬಂದು ಬೈಯುತ್ತಾರೆ. ಒಂದು ರೋಗಕ್ಕೆ, ಒಂದು ಹುಳಕ್ಕೆ, ಒಂದರ ಅಳತೆ ಇನ್ನೊಂದಕ್ಕಿಲ್ಲ ಅಂತ ಅವರೇ ನನಗೆ ಬಿಡಿಸಿ ಹೇಳಿದ್ದಾರೆ. ಅದೇ ಮನುಷ್ಯ ನನ್ನೆದುರು ಸ್ಟೂಲಿನ ಮೇಲೆ ಕೂತರೆ ಆ ತಿಳಿವಳಿಕೆಯೆಲ್ಲ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಔಷಧಿ ಕೆಲಸ ಮಾಡುವುದು ಜೀವಕೋಶಗಳಲ್ಲಿರುವ ರಿಸೆಪ್ಟರ್‌ನಂಥ ಜಾಗಗಳಿಗೆ ಹೋಗಿ ಕಚ್ಚಿಕೊಂಡು. ಕೆಲವು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಅಂಥವು ಸ್ವಲ್ಪವೇ ಸಾಕು. ಕೆಲವು ಸಡಿಲ, ಜಾಸ್ತಿ ಬೇಕು. ಅದರ ಜೊತೆಗೆ ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಕರುಳಿನಿಂದ ಮೊದಲು ಲಿವರಿಗೆ ಹೋಗಬೇಕು, ಅಲ್ಲಿ ಒಂದಷ್ಟು ಕಳೆದುಹೋಗುತ್ತದೆ. ಪ್ರೊಪ್ರಾನೊಲಾಲ್ ಎಂಬ ಔಷಧಿಯನ್ನು ಬಾಯಿಗೆ 40 ಎಂಜಿ ಕೊಡುತ್ತೇವೆ. ಅದನ್ನೇ ರಕ್ತನಾಳಕ್ಕೆ ಕೊಡುವಾಗ 1 ಎಂಜಿ, ಅದೂ ನಿಧಾನವಾಗಿ. ಔಷಧಿ ಅದೇ, ರೋಗಿ ಅವರೇ. ಬಾಯಿಂದ ಹೋದದ್ದರಲ್ಲಿ ಬಹುಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಮುಗಿಸಿಬಿಡುತ್ತದೆ.

ಕಡಿಮೆ ತೂಕದಲ್ಲಿ ಕೆಲಸ ಮಾಡುವುದು ಒಂದು ಗುಣ. ಕೊನೆಗೆ ಎಷ್ಟು ಕೆಲಸ ಮಾಡಬಲ್ಲದು ಎಂಬುದು ಬೇರೆಯೇ ಗುಣ. ಮೊದಲನೆಯದನ್ನು ಪೊಟೆನ್ಸಿ ಅನ್ನುತ್ತೇವೆ, ಎರಡನೆಯದನ್ನು ಎಫಿಕಸಿ. ಆಪರೇಷನ್ ಥಿಯೇಟರಿನಲ್ಲಿ ಬಳಸುವ ಫೆಂಟಾನಿಲ್, ಮಾರ್ಫಿನ್‌ನ ಸುಮಾರು ನೂರರಲ್ಲಿ ಒಂದು ಪಾಲು ತೂಕ ಇದ್ದರೆ ಸಾಕು. ಹಾಗಂತ ನೂರು ಪಟ್ಟು ನೋವು ಕಳೆಯುವುದಿಲ್ಲ. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ “ಪವರ್” ಅಂತ ಕರೆದಾಗಲೇ ತೊಂದರೆ ಶುರು.

ಇದು ಸುಮ್ನೆ ಪುಸ್ತಕದ ಮಾತಲ್ಲ. ಅತಿ ಹೆಚ್ಚು ಕೆಡುವುದು ಶುಗರ್ ಇರುವವರಲ್ಲಿ. ಮೆಟ್‌ಫಾರ್ಮಿನ್ 1000 ಎಂಜಿ ಬರುತ್ತದೆ, ದೊಡ್ಡ ಮಾತ್ರೆ, ಗಂಟಲಲ್ಲಿ ಇಳಿಯುವುದೇ ಕಷ್ಟ. ಗ್ಲಿಮೆಪಿರೈಡ್ 1 ಎಂಜಿ ಬರುತ್ತದೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು ಅನ್ನಬಹುದು. ಮಾವಿನ ತೋಪು ನೋಡಿಕೊಳ್ಳುವ ಒಬ್ಬ ಅಜ್ಜ “ಸಾವಿರ ಪವರ್ ನುಂಗಿದ್ರೆ ಕಿಡ್ನಿ ಉಳಿಯುತ್ತಾ?” ಅಂತ ದೊಡ್ಡದನ್ನು ಬಿಟ್ಟಿದ್ದರು. ಪುಟ್ಟದು ಒಂದೇ ಎಂಜಿ ಅಲ್ವಾ, ಮಕ್ಕಳ ಮಾತ್ರೆ ಇದ್ದಂಗೆ ಅಂತ ಹೋಳಿಗೆ ತಿಂದ ದಿನ ಎರಡು, ಮದುವೆ ಊಟದ ದಿನ ಮೂರು ನುಂಗುತ್ತಿದ್ದರು. ಒಂದು ದಿನ ಮೂರು ನುಂಗಿ ಹೊರಟರು, ಮದುವೆ ಮನೆಯಲ್ಲಿ ಪಂಕ್ತಿ ತಡವಾಯಿತು. ಮೈಯೆಲ್ಲ ಬೆವರಿ, ಮಾತು ತೊದಲಿ, ಮನೆಯವರು ಲಕ್ವ ಹೊಡೆಯಿತು ಅಂತ ಆಟೋದಲ್ಲಿ ಹಾಕಿಕೊಂಡು ಬಂದರು. ಗ್ಲೂಕೋಸ್ ಕೊಟ್ಟ ಮೇಲೆ ಎದ್ದು ಕೂತು ಅವರು ಕೇಳಿದ ಮೊದಲ ಮಾತು: “ಒಂದು ಎಂಜಿಗೆ ಹಿಂಗೂ ಆಗುತ್ತಾ?” ಬೈಯಬೇಕು ಅಂತ ಬಾಯಿ ತೆರೆದವನು ನಕ್ಕುಬಿಟ್ಟೆ.

ಆಗುತ್ತದೆ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಹಾಕಿಸುತ್ತದೆ, ಊಟ ಮಾಡಿದ್ದೀರೋ ಇಲ್ಲವೋ ಅಂತ ಕೇಳುವುದಿಲ್ಲ. ಆ ಭಯಂಕರ 1000 ಎಂಜಿ ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಕಿಡ್ನಿಯ ಮಾತಿಗೆ ಬಂದರೆ, ಮೊದಲೇ ಕಿಡ್ನಿ ತುಂಬಾ ಕೆಟ್ಟವರಿಗೆ ಮೆಟ್‌ಫಾರ್ಮಿನ್ ಕೊಡಬಾರದು, ಅದು ನಿಜ. ಚೆನ್ನಾಗಿರುವ ಕಿಡ್ನಿಯನ್ನು ಅದು ಕೆಡಿಸುತ್ತದೆ ಎಂಬುದು ಸುಳ್ಳು. ಈ ಎರಡು ಮಾತು ಹೇಗೋ ಬೆರೆತುಹೋಗಿವೆ. ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ತೂಕ ಜಾಸ್ತಿ ಇದ್ದ ಶುಗರ್ ರೋಗಿಗಳಲ್ಲಿ ಮೆಟ್‌ಫಾರ್ಮಿನ್ ತಗೊಂಡವರಿಗೆ ಹೃದಯಾಘಾತವೂ ಸಾವೂ ಕಡಿಮೆ ಇದ್ದವು. ನಾನು ಒಂದು ಮಾತ್ರೆಯಲ್ಲಿ ಹುಡುಕುವುದು ಇದನ್ನು. ಹಾಗಂತ ಗ್ಲಿಮೆಪಿರೈಡ್ ಕೆಟ್ಟದ್ದು ಅಂತ ಇದನ್ನು ಓದಿದ ಕೂಡಲೇ ಬಿಟ್ಟುಬಿಡಬೇಡಿ. ಬೇಕಾದವರಿಗೆ ನಾನೇ ಬರೆಯುತ್ತೇನೆ.

ಇನ್ನು ಕೆಲವರು ಇದಕ್ಕೆ ಉಲ್ಟಾ. “ಡಬಲ್ ಪವರ್ ಕೊಡಿ, ಬೇಗ ಇಳೀಲಿ” ಅನ್ನುತ್ತಾರೆ. ಒಂದೇ ಔಷಧಿಯ ಡೋಸು ಡಬಲ್ ಮಾಡಿದರೂ ಕೆಲಸ ಡಬಲ್ ಆಗುವುದಿಲ್ಲ. ಬಿಪಿ ಮಾತ್ರೆಗಳ 354 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪೂರ್ತಿ ಡೋಸಿನಲ್ಲಿ ಮೇಲಿನ ಬಿಪಿ ಸರಾಸರಿ 9.1 ಇಳಿದರೆ, ಅರ್ಧ ಡೋಸಿನಲ್ಲಿ 7.1 ಇಳಿದಿತ್ತು. ಅಡ್ಡ ಪರಿಣಾಮಗಳು ಮಾತ್ರ ಹಲವು ಔಷಧಿಗಳಲ್ಲಿ ಡೋಸಿನ ಜೊತೆ ಚೆನ್ನಾಗಿಯೇ ಏರುತ್ತವೆ. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಯಲ್ಲೂ ಹೀಗೇ. ಪ್ರತಿ ಸಲ ಡೋಸು ಇಮ್ಮಡಿ ಮಾಡಿದಾಗ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಹೆಚ್ಚುವರಿಯಾಗಿ ಇಳಿಯುವುದು ಸುಮಾರು ನೂರಕ್ಕೆ ಆರರಷ್ಟು. ಅದಕ್ಕೇ ಒಂದನ್ನೇ ಏರಿಸುತ್ತಾ ಹೋಗುವ ಬದಲು ಎರಡು ಬೇರೆ ಬೇರೆ ಬಿಪಿ ಮಾತ್ರೆಗಳನ್ನು ಸಣ್ಣ ಡೋಸಿನಲ್ಲಿ ಕೊಡುತ್ತೇವೆ. ಆಗ “ಎರಡೆರಡು ಯಾಕೆ?” ಅಂತ ಇನ್ನೊಂದು ಜಗಳ. ಇರಲಿ.

ನಮ್ಮ ಡಾಕ್ಟರುಗಳೇನೂ ಇದರಿಂದ ಪಾರಾದವರಲ್ಲ. ಹೃದಯ ಸೋತು ಮೈಯಲ್ಲಿ ನೀರು ತುಂಬಿದವರಿಗೆ ಫ್ಯುರೊಸೆಮೈಡ್ 40 ಎಂಜಿ ಕೊಡುತ್ತಿದ್ದ ಕಡೆ ಟಾರ್ಸೆಮೈಡ್ 10 ಅಥವಾ 20 ಕೊಟ್ಟರೆ ಸಾಕು. ಟಾರ್ಸೆಮೈಡ್ ಕರುಳಿನಿಂದ ಹೆಚ್ಚು ಏರುಪೇರಿಲ್ಲದೆ ರಕ್ತಕ್ಕೆ ಸೇರುತ್ತದೆ, ಜಾಸ್ತಿ ಹೊತ್ತು ಇರುತ್ತದೆ. ಹಾಗಾಗಿ ಅದರಿಂದ ಜನ ಹೆಚ್ಚು ಕಾಲ ಬದುಕುತ್ತಾರೆ ಅಂತ ತುಂಬಾ ಮಂದಿ ನಂಬಿದ್ದರು. ಅಮೆರಿಕದಲ್ಲಿ 2859 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. ಟ್ರಾನ್ಸ್‌ಫಾರ್ಮ್-ಎಚ್ಎಫ್ ಅಂತ ಹೆಸರು, 2023ರಲ್ಲಿ ಪ್ರಕಟವಾಯಿತು. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ಕಾಗದದ ಮೇಲೆ ಎಷ್ಟೇ ಚೆಂದ ಕಂಡರೂ ಜನರ ಮೇಲೆ ಹೋಲಿಸಿ ನೋಡುವ ತನಕ ಯಾವ ಮಾತ್ರೆ ಮೇಲು ಅಂತ ಹೇಳಲು ಬರುವುದಿಲ್ಲ. ಎಂಜಿ ನೋಡಿ ಹೇಳುವುದಂತೂ ದೂರದ ಮಾತು.

ಎಂಜಿಗಳನ್ನು ಕೂಡಿ ನೋಡಲೇಬೇಕಾದ ಜಾಗ ಒಂದಿದೆ, ಅಲ್ಲಿ ಯಾರೂ ಕೂಡುವುದಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ 650 ದಿನಕ್ಕೆ ಮೂರು ಸಲ. ಮಂಡಿನೋವಿಗೆ ತಗೊಳ್ಳುವ ಅಸಿಕ್ಲೋಫೆನಾಕ್ ಮಾತ್ರೆಯಲ್ಲಿ ಪ್ಯಾರಸಿಟಮಾಲ್ 325 ಸೇರಿರುತ್ತದೆ, ಅದೂ ಮೂರು ಸಲ. ಅಂಗಡಿಯಿಂದ ತಂದ ನೆಗಡಿ ಮಾತ್ರೆಯಲ್ಲಿ 500, ಅದೂ ಮೂರು ಸಲ. ಕೂಡಿ ನೋಡಿ, 4425 ಆಯಿತು. ದೊಡ್ಡವರಿಗೆ ದಿನಕ್ಕೆ 4000 ಎಂಜಿ ಮೀರಬಾರದು. ಬಡಕಲು ಮೈಯವರಿಗೆ, ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಮೂರು ಬೇರೆ ಬೇರೆ ಹೆಸರಿನ ಮಾತ್ರೆಗಳು, ಆದರೆ ಒಳಗಿರುವುದು ಒಂದೇ.

ಇನ್ನು ಯೂನಿಟ್. ವಿಟಮಿನ್ ಡಿ ಮಾತ್ರೆಯ ಮೇಲೆ 60,000 ಅಂತ ಇರುತ್ತದೆ, ನೋಡಿ ಹೆದರುತ್ತಾರೆ. ಅದು ಎಂಜಿ ಅಲ್ಲ, ಯೂನಿಟ್. ತೂಕಕ್ಕೆ ಹಾಕಿದರೆ ಒಂದೂವರೆ ಎಂಜಿ. ಆದರೂ ವಾರಕ್ಕೊಂದು ಅಂದರೆ ವಾರಕ್ಕೊಂದೇ.

ವಾರದ ಮಾತ್ರೆ ಅಂದಾಗ ನನಗೆ ನಿಜವಾಗಿ ಭಯವಾಗುವುದು ಮೆಥೊಟ್ರೆಕ್ಸೇಟ್ ವಿಷಯದಲ್ಲಿ. ರುಮಟಾಯ್ಡ್ ಸಂಧಿವಾತಕ್ಕೆ ಒಳ್ಳೆಯ ಔಷಧಿ, ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ಮಾತ್ರೆ 2.5 ಎಂಜಿ. ಅದರ ಅಡ್ಡ ಪರಿಣಾಮ ತಗ್ಗಿಸಲು ಫೋಲಿಕ್ ಆಸಿಡ್ 5 ಎಂಜಿ ಬೇರೆ ದಿನಗಳಲ್ಲಿ ಕೊಡುತ್ತಾರೆ. ಎರಡೂ ಪುಟ್ಟವು, ಬಹಳ ಸಲ ಎರಡೂ ಹಳದಿ. ಶಿಡ್ಲಘಟ್ಟದ ಕಡೆಯ, ರೇಷ್ಮೆ ಸಾಕುವ ಹೆಂಗಸೊಬ್ಬರು ಬಾಯೆಲ್ಲ ಹುಣ್ಣಾಗಿ, ಅನ್ನ ನುಂಗಲಾಗದೆ ಬಂದರು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಕುಸಿದಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಬರೆದುಕೊಟ್ಟ ಚೀಟಿ ಸರಿಯಾಗಿಯೇ ಇತ್ತು, ಆದರೆ ಯಾವುದು ದಿನದ್ದು, ಯಾವುದು ವಾರದ್ದು ಅಂತ ಮನೆಯಲ್ಲಿ ಗೊಂದಲವಾಗಿ ಅವರೇ ತೀರ್ಮಾನ ಮಾಡಿದ್ದರು. “5 ಪವರ್ ಜಾಸ್ತಿ ಅಲ್ವಾ ಸಾರ್, ಅದಕ್ಕೇ ವಾರಕ್ಕೊಂದು ಅಂದಿರಬೇಕು. 2.5 ಕಡಿಮೆ, ಅದು ದಿನಾ.” ಎಷ್ಟು ಸರಿಯಾದ ತರ್ಕ ನೋಡಿ! ಅವರು ನಂಬಿದ ಲೆಕ್ಕವೇ ತಪ್ಪಾಗಿತ್ತು, ಅವರ ಬುದ್ಧಿಯಲ್ಲಿ ಏನೂ ಕೊರತೆ ಇರಲಿಲ್ಲ. ಬೆಂಗಳೂರಿಗೆ ಕಳಿಸಿದೆ, ಮೆಥೊಟ್ರೆಕ್ಸೇಟ್ ವಿಷಕ್ಕೆ ಮದ್ದಾದ ಲ್ಯೂಕೊವೊರಿನ್ ಕೊಟ್ಟರು, ಉಳಿದುಕೊಂಡರು. ಇದರಲ್ಲಿ ಉಳಿಯದವರೂ ಇದ್ದಾರೆ.

ಹಾಗಾಗಿ ಮಾತ್ರೆ ಬದಲಾಯಿಸಿದಾಗ ನನ್ನನ್ನು ಎಷ್ಟು ಎಂಜಿ ಅಂತ ಕೇಳಬೇಡಿ. ಇದು ಯಾವುದಕ್ಕೆ, ಹಳೆಯದನ್ನು ನಿಲ್ಲಿಸಬೇಕಾ, ದಿನಾನಾ ವಾರಕ್ಕಾ, ಊಟ ತಪ್ಪಿದರೆ ಏನು ಮಾಡಲಿ ಅಂತ ಕೇಳಿ. ಸಂಜೆ ಹೊತ್ತು ಸಾಲು ಉದ್ದ ಇದ್ದರೆ ಸ್ವಲ್ಪ ಸಿಡುಕುತ್ತೇನೆ, ಆದರೂ ಕೇಳಿ. ಮತ್ತೆ ಔಷಧಿ ಅಂಗಡಿಯವರು ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವಾಗ ಹೆಸರಿರುವ ತುಂಡು ಅವರ ಡಬ್ಬಿಯಲ್ಲೇ ಉಳಿದುಬಿಡುತ್ತದೆ. ಹೆಸರು ಬರೆದುಕೊಡಿ ಅನ್ನಿ, ಇಲ್ಲವೇ ಸ್ಟ್ರಿಪ್ಪಿನ ಫೋಟೊ ತೆಗೆದಿಟ್ಟುಕೊಳ್ಳಿ. ಬಿಳಿ ಬಣ್ಣ, ದುಂಡಗೆ, ಸಣ್ಣದು ಅಂತ ಫೋನಿನಲ್ಲಿ ಹೇಳಿದರೆ ನನಗೇನೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿರುವ ಅರ್ಧ ಮಾತ್ರೆಗಳು ಹಾಗೇ ಇವೆ.